ಮೊಬೈಲಿನ ತಲೆಗೆ ಕೂರಿಸಿದ ಗೂಬೆ

ಮಾಣಿ ಜಂಕ್ಷನ್ನಿನಲ್ಲಿ ಪುತ್ತೂರು ಬಸ್ಸಿಗೆ ಕಾಯುವವರು, ಕಲ್ಲಡ್ಕದಲ್ಲಿ ಕೇಟಿ ಕುಡಿಯುತ್ತ ಕೂತವರು, ಬೆಳ್ತಂಗಡಿಯ ಮದುವೆ ಹಾಲಿನಲ್ಲಿ ಎರಡನೇ ಪಂಕ್ತಿಗೆ ಕಾದು ನಿಂತವರು, ಮೂಡುಬಿದಿರೆಯಲ್ಲಿ ಕಾಲೇಜಿನ ಪೋಷಕರ ಸಭೆಗೆ ಬಂದವರು. ಇವರಲ್ಲಿ ಅಡಿಕೆ ಧಾರಣೆಯ ಬಗ್ಗೆ ಒಮ್ಮತವಿಲ್ಲ, ರಾಜಕೀಯದ ಬಗ್ಗೆಯಂತೂ ಇಲ್ಲವೇ ಇಲ್ಲ. ಒಂದು ಮಾತಿಗೆ ಮಾತ್ರ ಎಲ್ಲರ ತಲೆಯೂ ಆಡುತ್ತದೆ: "ಈಗಿನ ಮಕ್ಕಳಿಗೆ ಎಂಥದ್ದೂ ನೆನಪಿರುವುದಿಲ್ಲ ಮಾರಾಯ್ರೆ. ಮಂಡೆಯಿಡೀ ಮೊಬೈಲು."

ಹೀಗೆ ಸರ್ವಾನುಮತದಿಂದ ಪಾಸಾದ ಮಾತನ್ನು ಒಮ್ಮೆ ತಿರುಗಿಸಿ ನೋಡಬೇಕು. ಅದರಲ್ಲೂ ಆರೋಪಿ ಸ್ಥಾನದಲ್ಲಿರುವವರು ಸಭೆಯಲ್ಲಿ ಇಲ್ಲದಿದ್ದಾಗ. ಮೊಬೈಲು ನಿರುಪದ್ರವಿ ಎಂದು ವಕಾಲತ್ತು ವಹಿಸುವುದು ನನ್ನ ಕೆಲಸವಲ್ಲ. ಅದರ ಉಪದ್ರದ ಬಗ್ಗೆ ಮುಂದೆ ಹೇಳುತ್ತೇನೆ. ನನ್ನ ತಕರಾರು ಇರುವುದು ತೀರ್ಪಿನ ಬಗ್ಗೆ. ಮಕ್ಕಳ ನೆನಪಿನ ಶಕ್ತಿಯೇ ಹಾಳಾಗಿದೆ, ಅವರ ಗಮನವೇ ಕರಗಿ ಹೋಗಿದೆ ಎಂಬ ತೀರ್ಪು ತಪ್ಪು. ತಪ್ಪು ಮಾತ್ರವಲ್ಲ, ಅದು ನಮಗೆ ಬಹಳ ಅನುಕೂಲದ ತೀರ್ಪು. ನೆನಪಿಗೆ ಕೊಡಬೇಕಾದ ಕೆಲಸವನ್ನು ಮಕ್ಕಳ ಕೈಯಿಂದ ಕಿತ್ತುಕೊಂಡವರು ನಾವು. ಶಕ್ತಿಯೇ ಇಲ್ಲ ಎಂದುಬಿಟ್ಟರೆ ಆ ಕೆಲಸವನ್ನು ಹಿಂದೆ ಕೊಡುವ ಜವಾಬ್ದಾರಿ ತಪ್ಪುತ್ತದೆ.

ದೂರು ಕೊಡುವವರ ಅಳತೆಗೋಲಿನಿಂದಲೇ ಶುರು ಮಾಡೋಣ. ಅವರು ನೆನಪು ಎನ್ನುವುದು ಪರೀಕ್ಷೆಯ ನೆನಪನ್ನು. 2025ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದ ಒಟ್ಟು ಫಲಿತಾಂಶ ಶೇ 70ನ್ನೂ ಮುಟ್ಟದಿದ್ದಾಗ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲ ಸ್ಥಾನದಲ್ಲಿ ನಿಂತಿತು, ಉಡುಪಿ ಎರಡನೆಯದು. ಹಿಂದಿನ ವರ್ಷ ಉಡುಪಿ ಮೊದಲು, ನಾವು ಎರಡನೆಯವರು. ಎರಡೂ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇತ್ತು, ವೆಬ್‌ಕಾಸ್ಟಿಂಗ್ ನಡೆದಿತ್ತು. ಹಾಗಾಗಿ ಚೀಟಿಯ ಕತೆ ಹೇಳುವಂತಿಲ್ಲ. ಇನ್ನೊಂದು ಲೆಕ್ಕ ಹಾಕಿ. 2025ರಲ್ಲಿ ಹತ್ತನೇ ತರಗತಿ ಮುಗಿಸಿದ ಮಕ್ಕಳು 2020ರ ಜೂನಿನಲ್ಲಿ ಆರನೇ ತರಗತಿಗೆ ಕಾಲಿಟ್ಟವರು. ಅಂದರೆ ಆರನೇ ತರಗತಿಯ ಹೆಚ್ಚಿನ ಪಾಲನ್ನು ಅಪ್ಪನ ಮೊಬೈಲಿನಲ್ಲಿ ಓದಿದ ಬ್ಯಾಚು. ಮೊಬೈಲು ಮಂಡೆಯನ್ನು ಖಾಲಿ ಮಾಡುವುದು ನಿಜವಾಗಿದ್ದರೆ ಮೊದಲು ಖಾಲಿಯಾಗಬೇಕಾದದ್ದು ಇವರ ಮಂಡೆ. ಜಿಲ್ಲೆಗೆ ಮೊದಲ ಸ್ಥಾನ ಬಂದಾಗ ಸಿಹಿ ಹಂಚಿದವರು, ಅದೇ ಮಕ್ಕಳಿಗೆ ಏನೂ ನೆನಪಿರುವುದಿಲ್ಲ ಎಂದು ಮರುವಾರವೇ ಭಾಷಣ ಮಾಡಿದರೆ ಎರಡರಲ್ಲಿ ಯಾವುದನ್ನು ನಂಬುವುದು?

ಈ ಅಂಕಿಯನ್ನು ಹಿಡಿದು ನಾನು ಸಮಾಧಾನಪಟ್ಟುಕೊಳ್ಳುತ್ತಿಲ್ಲ. ಮಾದರಿ ಪ್ರಶ್ನೆಪತ್ರಿಕೆ ಹತ್ತು ಸಲ ಬರೆದು ಹನ್ನೊಂದನೇ ಸಲ ಬರೆಯುವುದು ನೆನಪಿನ ದೊಡ್ಡ ಸಾಧನೆಯೇನಲ್ಲ. ಪರೀಕ್ಷೆ ಮುಗಿದು ಎರಡು ತಿಂಗಳಾದ ಮೇಲೆ ಅದೇ ಪ್ರಶ್ನೆ ಕೇಳಿದರೆ ಏನಾಗುತ್ತದೆ ಎಂದು ಪಾಠ ಮಾಡುವವರಿಗೆಲ್ಲ ಗೊತ್ತು. ಆದರೆ ಅದು ಬೇರೆ ರೋಗ, ಅದಕ್ಕೆ ಮೊಬೈಲಿಗಿಂತ ಹೆಚ್ಚು ವಯಸ್ಸಾಗಿದೆ.

ಇನ್ನು ವಿಜ್ಞಾನ. ಮೊಬೈಲಿನ ದುಷ್ಪರಿಣಾಮ ಎಂಬ ಹೆಸರಿನ ಕಾರ್ಯಕ್ರಮಗಳಲ್ಲಿ ತಪ್ಪದೆ ಈಜಿಕೊಂಡು ಬರುವ ಒಂದು ಮೀನಿದೆ. ಮನುಷ್ಯನ ಗಮನ ಎಂಟು ಸೆಕೆಂಡಿಗೆ ಇಳಿದಿದೆಯಂತೆ, ಗೋಲ್ಡ್‌ಫಿಶ್ ಮೀನಿನ ಗಮನ ಒಂಬತ್ತು ಸೆಕೆಂಡಂತೆ. ಸಭೆ ನಗುತ್ತದೆ, ಭಾಷಣಕಾರರು ಗಂಭೀರವಾಗುತ್ತಾರೆ. ಈ ಮಾತು ಲೋಕವಿಡೀ ಹಬ್ಬಿದ್ದು 2015ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಕೆನಡಾ ವಿಭಾಗ ಜಾಹೀರಾತುದಾರರಿಗಾಗಿ ಹೊರತಂದ ಒಂದು ವರದಿಯಿಂದ. ಆ ವರದಿ ಇದನ್ನು ಬೇರೊಂದು ಅಂಕಿಅಂಶದ ಜಾಲತಾಣದಿಂದ ಎತ್ತಿಕೊಂಡಿತ್ತು. ಎರಡು ವರ್ಷದ ನಂತರ ಬಿಬಿಸಿಯ ವರದಿಗಾರರೊಬ್ಬರು ಮೂಲ ಹುಡುಕಿಕೊಂಡು ಹೋದರೆ ಸಂಶೋಧನೆಯೂ ಸಿಗಲಿಲ್ಲ, ಮೀನನ್ನು ಅಳೆದವರೂ ಸಿಗಲಿಲ್ಲ. ಎಂಟು ಸೆಕೆಂಡು ಗಮನವಿರುವ ಪ್ರಾಣಿ ರಸ್ತೆ ದಾಟುವುದೂ ಕಷ್ಟ, ಅದರಲ್ಲೂ ನಮ್ಮ ಚತುಷ್ಪಥ ಹೆದ್ದಾರಿಯನ್ನು.

ಗೂಗಲ್ ನಮ್ಮ ನೆನಪನ್ನು ಕದಿಯಿತು ಎನ್ನುವವರ ಕೈಯಲ್ಲಿ ಇದಕ್ಕಿಂತ ಮರ್ಯಾದೆಯ ಪುರಾವೆ ಇದೆ. 2011ರಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗಗಳವು. ಮುಂದೆ ಹುಡುಕಿದರೆ ಸಿಗುತ್ತದೆ ಎಂದು ಗೊತ್ತಿದ್ದಾಗ ಜನ ವಿಷಯಕ್ಕಿಂತ ಅದು ಎಲ್ಲಿ ಸಿಗುತ್ತದೆ ಎಂಬುದನ್ನು ನೆನಪಿಡುತ್ತಾರೆ ಎಂದು ಅವರು ಹೇಳಿದರು. 2018ರಲ್ಲಿ ದೊಡ್ಡದೊಂದು ತಂಡ ಹೆಸರಾಂತ ಪತ್ರಿಕೆಗಳ 21 ಪ್ರಯೋಗಗಳನ್ನು ಹೊಸದಾಗಿ ಮಾಡಿ ನೋಡಿತು. 13 ನಿಂತವು, 8 ಬಿದ್ದವು. ಬಿದ್ದವುಗಳಲ್ಲಿ ಸ್ಪ್ಯಾರೋ ಲೇಖನದ ಪ್ರಯೋಗವೂ ಒಂದು. ಬಿದ್ದ ಸುದ್ದಿ ನಮ್ಮ ಸಭೆಗಳವರೆಗೆ ಬಂದಿಲ್ಲ. ಅಷ್ಟಕ್ಕೂ ಎಲ್ಲಿ ಸಿಗುತ್ತದೆ ಎಂದು ನೆನಪಿಟ್ಟುಕೊಳ್ಳುವುದು ಹೊಸ ರೋಗವೇ? ಯಾರ ಮದುವೆ ಯಾವ ವರ್ಷ ಆಯಿತು, ಯಾವ ಮಗುವಿನ ನಕ್ಷತ್ರ ಯಾವುದು ಎಂದು ಅಜ್ಜನನ್ನು ಕೇಳಿದರೆ "ಅವಳನ್ನು ಕೇಳು" ಎಂದು ಅಡುಗೆಮನೆಯ ಕಡೆ ಕೈ ತೋರಿಸುತ್ತಿದ್ದರು. ಅಜ್ಜನ ಮಿದುಳು ಹಾಳಾಗಿದೆ ಎಂದು ಆಗ ಯಾರೂ ಸೆಮಿನಾರು ಮಾಡಲಿಲ್ಲ.

ನಮ್ಮ ಕಾಲದಲ್ಲಿ ಹಾಗಿರಲಿಲ್ಲ ಎನ್ನುವವರಿಗೆ ಒಂದು ಮಾತು. ಇಪ್ಪತ್ತರವರೆಗೆ ಮಗ್ಗಿ, ಅರುವತ್ತು ಸಂವತ್ಸರ, ಇಪ್ಪತ್ತೇಳು ನಕ್ಷತ್ರ, ದೀಪ ಹಚ್ಚುವ ಹೊತ್ತಿಗೆ ಚಾವಡಿಯಲ್ಲಿ ಕೂತು ಬಾಯಿಪಾಠ. ಸರಿ, ಒಪ್ಪಿದೆ. ಆ ಚಾವಡಿಯಲ್ಲಿ ಕೂತಿದ್ದವರು ಯಾರು? ಅದೇ ಊರಿನಲ್ಲಿ ಏಳನೇ ತರಗತಿಯಲ್ಲಿ ಫೇಲಾಗಿ ಬೊಂಬಾಯಿಯ ಹೋಟೆಲಿನಲ್ಲಿ ಮೇಜು ಒರೆಸಲು ಹೋದ ಹುಡುಗರೆಷ್ಟು, ಐದನೆಯದಕ್ಕೇ ಶಾಲೆ ಬಿಟ್ಟು ಗೆರಸೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿದ ಹುಡುಗಿಯರೆಷ್ಟು? ಅವರ ಲೆಕ್ಕವನ್ನು ಬಿಟ್ಟು, ಪಾಸಾಗಿ ಉಳಿದವರು ತಮ್ಮನ್ನು ತಾವೇ ಒಂದು ತಲೆಮಾರು ಎಂದು ಕರೆದುಕೊಂಡಿದ್ದಾರೆ. ಇಂದು ಮಾಣಿಯ ಸುತ್ತಲಿನ ಶಾಲೆಗಳ ಒಂದೇ ಬೆಂಚಿನಲ್ಲಿ, ಹಿಂದೆ ಬೆಂಚಿನವರೆಗೂ ಬಾರದಿದ್ದ ಮನೆಗಳ ಮಕ್ಕಳು ಕೂತಿದ್ದಾರೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಹವ್ಯಕವೋ, ಅಂಗಳ ದಾಟಿದರೆ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು, ರೀಲ್ಸಿನಿಂದ ಬಂದ ಹಿಂದಿ, ಪಕ್ಕದ ಕಾಸರಗೋಡಿನ ಸಂಬಂಧದಿಂದ ಮಲಯಾಳ. ಹನ್ನೆರಡು ವರ್ಷದ ಹುಡುಗ ಇಷ್ಟು ಭಾಷೆಗಳ ನಡುವೆ ದಿನಕ್ಕೆ ಹತ್ತು ಸಲ ಎಡವದೆ ದಾಟುತ್ತಾನೆ. ನೆನಪಿಲ್ಲದವನು ಮಾಡುವ ಕೆಲಸವೇ ಅದು?

ನೆನಪು ಕುಂದಿತು ಎಂಬ ದೂರು ಎಷ್ಟು ಹಳೆಯದು ಎಂದು ಮೂಡುಬಿದಿರೆಯವರಿಗೆ ಹೇಳಿಕೊಡಬೇಕಾಗಿಲ್ಲ. ಜೈನ ಪರಂಪರೆ ಹೇಳುವ ಪ್ರಕಾರ, ಬಾಯಿಂದ ಬಾಯಿಗೆ ಬಂದ ಆಗಮ ಜನರ ನೆನಪಿನ ಶಕ್ತಿ ಕುಂದಿ ಕಳೆದುಹೋದೀತೆಂದು ಧರಸೇನಾಚಾರ್ಯರಿಗೆ ಚಿಂತೆಯಾಯಿತು. ಅವರು ಗಿರಿನಗರದ ಗುಹೆಯಲ್ಲಿ ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ತಮಗೆ ತಿಳಿದದ್ದನ್ನು ಪಾಠ ಹೇಳಿದರು; ಅವರಿಬ್ಬರಿಂದ ಷಟ್ಖಂಡಾಗಮ ಹುಟ್ಟಿತು. ಅದಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಗರಿ ಪ್ರತಿಗಳು, ಹಳಗನ್ನಡ ಲಿಪಿಯಲ್ಲಿರುವವು, ಉಳಿದುಬಂದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಅಂದರೆ, ಈಗಿನವರಿಗೆ ನೆನಪಿಲ್ಲ ಎಂಬ ಆತಂಕಕ್ಕೆ ಕಡಿಮೆಯೆಂದರೂ ಸಾವಿರದೈನೂರು ವರ್ಷಗಳ ಪ್ರಾಯ, ಮತ್ತು ಅದರ ಫಲ ನಮ್ಮ ಊರಿನಲ್ಲೇ ಇದೆ. ಆ ಕತೆಯ ಉತ್ತರಾರ್ಧ ಇನ್ನೂ ಮುಖ್ಯ. ಆ ಗರಿಗಳು ಶತಮಾನಗಟ್ಟಲೆ ದರ್ಶನಕ್ಕೆ ಮಾತ್ರ ಇದ್ದವು. ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು, ಓದುವವರಿರಲಿಲ್ಲ. 19ನೇ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಯಿತು, ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಗರಿಗಳು ಉಳಿದಿದ್ದವು, ಭಂಡಾರವೂ ಭದ್ರವಾಗಿತ್ತು. ಆದರೂ ಅಷ್ಟು ಕಾಲ ಆ ಗ್ರಂಥ ಯಾರ ನೆನಪಿನಲ್ಲೂ ಇರಲಿಲ್ಲ. ಎಲ್ಲ ಗೂಗಲ್‌ನಲ್ಲಿದೆ, ಮಕ್ಕಳು ಯಾಕೆ ನೆನಪಿಡಬೇಕು ಎಂದು ಕೇಳುವ ಇನ್ನೊಂದು ಪಂಗಡದವರೂ ಈ ಬಸದಿಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ಹಾಗಾದರೆ ನೆನಪು ಎಂದರೇನು? ಇದಕ್ಕೆ ಉತ್ತರ ಹುಡುಕುತ್ತ ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಬಂದದ್ದು ಬೆಳ್ತಂಗಡಿ ತಾಲೂಕಿಗೆ. ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಸಿರಿ ಪಾಡ್ದನ ಹಾಡುವವರು, ಸಿರಿ ಆಚರಣೆಯಲ್ಲಿ ಮುಂದಾಳು. ವಿವೇಕ ರೈ, ಚಿನ್ನಪ್ಪ ಗೌಡ ಅವರನ್ನೊಳಗೊಂಡ ತಂಡ 1990ರ ಡಿಸೆಂಬರಿನಲ್ಲಿ ನಾಯ್ಕರ ಬಾಯಿಂದ ಆ ಕಾವ್ಯವನ್ನು ದಾಖಲಿಸಿತು. 1998ರಲ್ಲಿ ಅಚ್ಚಾದಾಗ ಅದರಲ್ಲಿ 15,683 ಸಾಲುಗಳಿದ್ದವು. ಒಬ್ಬನೇ ಮನುಷ್ಯ, ಕೈಯಲ್ಲಿ ಪುಸ್ತಕವಿಲ್ಲ.

ಇಷ್ಟು ಕೇಳಿದ ಕೂಡಲೇ ನಮ್ಮ ಭಾಷಣಕಾರರು "ನೋಡಿ, ಆಗಿನವರ ಬಾಯಿಪಾಠ!" ಎನ್ನುತ್ತಾರೆ. ಹೊಂಕೊ ಕಂಡದ್ದು ಅದನ್ನಲ್ಲ. ನಾಯ್ಕರು ಹದಿನೈದು ಸಾವಿರ ಸಾಲುಗಳನ್ನು ಉರುಹೊಡೆದು ಇಟ್ಟುಕೊಂಡವರಲ್ಲ. ಕತೆಯ ನಡೆ, ಮತ್ತೆ ಮತ್ತೆ ಬರುವ ಸನ್ನಿವೇಶಗಳು, ಹೊರಡುವಾಗ ಹೇಗೆ ಹೇಳಬೇಕು, ಸಿಂಗರಿಸಿಕೊಳ್ಳುವಾಗ ಹೇಗೆ, ಅಳುವಾಗ ಹೇಗೆ ಎಂಬ ಪಟ್ಟುಗಳು, ಅವುಗಳನ್ನು ಹಿಗ್ಗಿಸುವ ಕುಗ್ಗಿಸುವ ಕ್ರಮ, ಇವೆಲ್ಲ ಅವರ ಮನಸ್ಸಿನಲ್ಲಿ ಸಿದ್ಧವಾಗಿದ್ದವು. ಕೇಳುವವರು ಯಾರು, ಹೊತ್ತೆಷ್ಟಿದೆ ಎಂದು ನೋಡಿ ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಿದ್ದರು. ಹೊಂಕೊ ಇದನ್ನು ಮನೋಪಠ್ಯ ಎಂದು ಕರೆದರು. ಗದ್ದೆಯಲ್ಲಿ ನೇಜಿ ನೆಡುವಾಗ ಹಾಡಿ, ಆಚರಣೆಯಲ್ಲಿ ಹಾಡಿ, ಕೇಳಿದವರಿಗೆಲ್ಲ ಹೇಳಿ ಗಟ್ಟಿಯಾದ ನೆನಪು ಅದು. ನಮ್ಮ ತಾಳಮದ್ದಳೆಯದೂ ಇದೇ ದಾರಿ. ಭಾಗವತರ ಪದ್ಯ ಅಚ್ಚಿನಲ್ಲಿದೆ, ಅರ್ಥಧಾರಿಯ ಮಾತು ಎಲ್ಲೂ ಬರೆದಿಟ್ಟದ್ದಲ್ಲ. ಎದುರಿನ ಕರ್ಣ ಏನು ಕೇಳುತ್ತಾನೋ ನೋಡಿ ಕೃಷ್ಣ ಉತ್ತರ ಕೊಡಬೇಕು. ಭಾರತವಿಡೀ ನೆನಪಿರಬೇಕು, ಆದರೆ ಗಿಳಿಪಾಠವಾಗಿ ಅಲ್ಲ.

ಪ್ರಯೋಗಾಲಯದ ವಿಜ್ಞಾನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳಿಗೆ ಗದ್ಯಭಾಗ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ಪುಟ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದರೆ ಪುಟ ಮುಚ್ಚಿ ಬರೆದವರು ಸ್ಪಷ್ಟವಾಗಿ ಮುಂದೆ ಇದ್ದರು. ಒಳಗಿನಿಂದ ಹೊರಗೆ ತೆಗೆದಷ್ಟೂ ನೆನಪು ನಿಲ್ಲುತ್ತದೆ.

ಈಗ ನಮ್ಮ ಮಕ್ಕಳ ದಿನಚರಿ ನೋಡಿ, ಅವರು ಒಳಗಿನಿಂದ ಹೊರಗೆ ತೆಗೆಯಬೇಕಾದ ಸಂದರ್ಭ ಎಷ್ಟಿದೆ ಎಂದು. ಸಂಜೆ ಐದೂವರೆಗೆ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೋ ಬೀಳುತ್ತದೆ: ಕರಿಹಲಗೆ, ಓರೆಯಾಗಿ ತೆಗೆದದ್ದು, ಬಲಗಡೆಯ ಎರಡು ಪದ ಕಿಟಕಿಯ ಬಿಸಿಲಿಗೆ ಮಾಯ. ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು. "ಟೀಚರ್ ಪೇಜ್ ನಂಬರ್ ಕಾಣುವುದಿಲ್ಲ." "ನಾಳೆ ಯೂನಿಫಾರ್ಮಾ ಕಲರ್ ಡ್ರೆಸ್ಸಾ?" ನಡುವೆ ಯಾರದೋ ಶುಭ ಸಂಜೆಯ ಗುಲಾಬಿ ಹೂ. ಯಾವ ಪಾಠ, ಯಾವ ಪುಟ, ನಾಳೆ ಏನು ತರಬೇಕು ಎಂದು ನೆನಪಿಟ್ಟು ಮನೆಗೆ ಬರುವುದು ಆರು ವರ್ಷದ ಮಗು ದಿನಾ ಮಾಡಬಹುದಾದ ನೆನಪಿನ ಅಭ್ಯಾಸ. ಮರೆತರೆ ಪಕ್ಕದ ಮನೆಯ ಗೆಳತಿಯ ಹತ್ತಿರ ಓಡಬೇಕಿತ್ತು, ಮರುದಿನ ಟೀಚರ ಮುಂದೆ ನಿಲ್ಲಬೇಕಿತ್ತು. ಅದನ್ನು ಈಗ ಅಮ್ಮನ ಫೋನು ಮಾಡುತ್ತದೆ. ಮಗು ಮರೆಯುವುದಕ್ಕೂ ಅವಕಾಶವಿಲ್ಲ.

ಮುಂದಿನ ಭಾಗ ಇನ್ನೂ ಸೊಗಸು. ಆ ಫೋಟೋ ನೋಡಿ ಬರೆಯಬೇಕಾದರೆ ಫೋನು ಮಗುವಿನ ಕೈಗೆ ಹೋಗಬೇಕು. ಬರೆದಾಗುವುದು ಕಾಲು ಗಂಟೆಯಲ್ಲಿ. ಒಂದು ಗಂಟೆ ಬಿಟ್ಟು ಅಮ್ಮ ಕೇಳಿದರೂ "ಹೋಂವರ್ಕ್ ನೋಡ್ತಾ ಇದ್ದೇನೆ" ಎಂಬ ಉತ್ತರ, ಅದು ಪೂರ್ತಿ ಸುಳ್ಳೂ ಅಲ್ಲ. ಮರುವಾರ ಅದೇ ಗ್ರೂಪಿನಲ್ಲಿ ಶಾಲೆಯ ಸುತ್ತೋಲೆ: ಮಕ್ಕಳಿಗೆ ಮೊಬೈಲ್ ಕೊಡಬೇಡಿ. ಅದಕ್ಕೂ ಹೆಬ್ಬೆರಳು. ನನಗೆ ಗೊತ್ತಿರುವ ಶಾಲೆಯೊಂದರ ವಿಷಯವೇ ಇದು, ಹೆಸರು ಬೇಡ. ಓದುವವರಿಗೆ ತಮ್ಮ ಮಕ್ಕಳ ಶಾಲೆಯೇ ಎನಿಸಿದರೆ ನನ್ನದೇನೂ ಆಕ್ಷೇಪವಿಲ್ಲ.

ಫೋನು ಮಕ್ಕಳ ಕೈಗೆ ಬಂದದ್ದು ಹೇಗೆ ಎಂಬುದೂ ನಮಗೆ ಮರೆತುಹೋದಂತಿದೆ. (ನೆನಪು ಕೆಟ್ಟದ್ದು ಯಾರದ್ದೋ!) 2020ರ ಜೂನಿನಲ್ಲಿ ರಾಜ್ಯ ಸರ್ಕಾರ ಚಿಕ್ಕ ತರಗತಿಗಳ ಆನ್‌ಲೈನ್ ಪಾಠವನ್ನು ನಿಷೇಧಿಸಿತ್ತು. ಪೋಷಕರೂ ಕೆಲವು ಶಾಲೆಗಳೂ ಕೋರ್ಟಿಗೆ ಹೋಗಿ, ಜುಲೈಯಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಸರ್ಕಾರಿ ಶಾಲೆಯ ಟೀಚರುಗಳು ಮಕ್ಕಳಿರುವ ಕಡೆಗೇ ಹೋಗಿ, ಭಜನಾ ಮಂದಿರದ ಜಗಲಿಯಲ್ಲೋ ಮರದ ಕೆಳಗೋ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಉಳಿದದ್ದು ಫೋನು. ಸಾಲ ಮಾಡಿ, ಬಂಗಾರ ಅಡವಿಟ್ಟು ಫೋನು ತಂದ ಮನೆಗಳಿವೆ. ತಂದುಕೊಟ್ಟು, ಇದರಲ್ಲೇ ಓದು ಎಂದು ಎರಡು ವರ್ಷ ಹೇಳಿ, ಈಗ ಆ ಮಗುವನ್ನು ಮೊಬೈಲಿನ ಹುಳ ಎನ್ನುತ್ತೇವೆ.

2021ರ ಜೂನಿನಲ್ಲಿ ನಮ್ಮ ಜಿಲ್ಲೆಯ ಒಂದು ಫೋಟೋ ದೇಶವಿಡೀ ಓಡಾಡಿತು. ಸುಳ್ಯ ತಾಲೂಕಿನ ಗುತ್ತಿಗಾರಿನ ಬಳಿ ಬಳ್ಳಕ್ಕದಲ್ಲಿ, ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆ, ಸುರಿಯುವ ಮಳೆಗೆ ರಸ್ತೆ ಬದಿಯಲ್ಲಿ ಕೂತು ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ಫೋನಿನಲ್ಲಿ ಪಾಠ ಕೇಳುತ್ತಿದ್ದಾಳೆ. ಹಿಂದೆ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಎಲ್ಲರೂ ಆ ಅಪ್ಪನನ್ನು ನೋಡಿ ಕಣ್ಣೊರೆಸಿಕೊಂಡರು, ಒರೆಸಿಕೊಳ್ಳಬೇಕಾದದ್ದೇ. ಹುಡುಗಿಯನ್ನೂ ಸ್ವಲ್ಪ ನೋಡಬೇಕಿತ್ತು. ಪಕ್ಕದಲ್ಲಿ ವಾಹನ, ಮೇಲೆ ಜೂನಿನ ಮಳೆ, ನಿಂತು ನಿಂತು ಬರುವ ಧ್ವನಿ. ಇಷ್ಟರ ನಡುವೆ ಅವಳು ಕೂತು ಕೇಳಿದಳು. ಅವಳ ಕೈಯಲ್ಲಿದ್ದದ್ದೂ ಮೊಬೈಲೇ. ಅದೇ ಗಾಜು, ಅದೇ ಬೆಳಕು. ಗಮನ ಹೋಗಬೇಕಾದ ಕಾರಣವಿದ್ದರೆ ಗಮನ ಹೋಗುತ್ತದೆ.

ದೊಡ್ಡವರ ಗಮನದ ಬಗ್ಗೆ ಮಾತಾಡುವವರು ಮಾತ್ರ ಸಿಗುವುದಿಲ್ಲ. ಧರ್ಮಸ್ಥಳ ಯಕ್ಷಗಾನ ಮೇಳ ಕಾಲಮಿತಿಗೆ ಬಂದದ್ದು ಶಾಲಾಮಕ್ಕಳು ಅರ್ಜಿ ಕೊಟ್ಟದ್ದಕ್ಕಲ್ಲ. ಬೆಳಗಿನವರೆಗೆ ಕೂರಲಾಗದವರು ನಾವು. ಪೋಷಕರ ಸಭೆಯಲ್ಲಿ ಮೊಬೈಲಿನ ಅಪಾಯದ ಬಗ್ಗೆ ಮುಖ್ಯೋಪಾಧ್ಯಾಯರು ಹೇಳುತ್ತಿರುವಾಗ ಮೂರನೇ ಸಾಲಿನಲ್ಲಿ ಒಬ್ಬರು ಮೇಜಿನ ಕೆಳಗೆ ಅಡಿಕೆ ಧಾರಣೆ ನೋಡುತ್ತಿರುತ್ತಾರೆ, ಇನ್ನೊಬ್ಬರ ಕಿಸೆಯಲ್ಲಿ ಚೆಂಡೆಯ ರಿಂಗ್‌ಟೋನು ಬಾರಿಸುತ್ತದೆ. ಮಕ್ಕಳು ಇದನ್ನೆಲ್ಲ ನೋಡಿ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.

ಮೊಬೈಲಿನ ಉಪದ್ರದ ಬಗ್ಗೆ ಹೇಳುತ್ತೇನೆಂದಿದ್ದೆ. ಓದುವಾಗ ಪಕ್ಕದಲ್ಲಿ ಅದು ಟಿಣ್ ಎಂದರೆ ಓದು ಕೆಡುತ್ತದೆ. ಒಂದರಿಂದ ಇನ್ನೊಂದಕ್ಕೆ ಹಾರಿ ಮರಳುವಾಗ ಮನಸ್ಸಿಗೆ ಹೊತ್ತು ಬೇಕು, ಅದಕ್ಕೆ ಯಾರ ಮಿದುಳೂ ಹೊರತಲ್ಲ. ಮುಂದಿನ ವಿಡಿಯೊ ತಾನಾಗಿ ಶುರುವಾಗುವಂತೆ ಮಾಡಿಟ್ಟವರು ಅದರಿಂದ ದುಡ್ಡು ಮಾಡುವ ದೊಡ್ಡವರು. 'ಅಸರ್' 2024ರ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ಕ್ಕಿಂತ ಹೆಚ್ಚಿನವರಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಅವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ಶೇ 57, ಸೋಶಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಈ ಅಂಕಿಯನ್ನು ನಾನು ಅಲ್ಲಗಳೆಯುವುದಿಲ್ಲ. ತರಗತಿಯೊಳಗೆ ಫೋನು ಬೇಡ ಎಂಬುದಕ್ಕೂ ನನ್ನ ಒಪ್ಪಿಗೆಯಿದೆ.

ಆದರೆ ಅತಿ ದೊಡ್ಡ ಪೆಟ್ಟು ಬೀಳುವುದು ಎಲ್ಲಿ ಎಂದು ಕೇಳಿದರೆ ಉತ್ತರ ನಿದ್ದೆ. ಹಗಲು ಕಲಿತದ್ದು ನೆನಪಾಗಿ ಗಟ್ಟಿಯಾಗುವುದರಲ್ಲಿ ರಾತ್ರಿಯ ಗಾಢನಿದ್ದೆಗೆ ದೊಡ್ಡ ಪಾಲಿದೆ. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಹಗಲಿನದ್ದನ್ನು ಆಗ ಮತ್ತೆ ಓಡಿಸುತ್ತದೆ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾತಜ್ಞರು. ಹೊದಿಕೆಯೊಳಗೆ ರೀಲ್ಸ್ ನೋಡುವ ಹುಡುಗ ಇದರಲ್ಲಿ ಎರಡು ಗಂಟೆ ಕಳೆದುಕೊಳ್ಳುತ್ತಾನೆ, ನಿಜ. ಹಾಗಾದರೆ ಫೋನೇ ಇಲ್ಲದ ಹಾಸ್ಟೆಲಿನ ಹುಡುಗನ ಗತಿಯೇನು? ನೀಟ್, ಜೆಇಇ ಹೆಸರಿನಲ್ಲಿ ರಾತ್ರಿ ಹನ್ನೊಂದರವರೆಗೆ ಸ್ಟಡಿ ಅವರ್, ಬೆಳಗ್ಗೆ ಐದಕ್ಕೆ ಗಂಟೆ. ಅಲ್ಲಿ ಆರು ಗಂಟೆ ನಿದ್ದೆ. ಮೊದಲನೆಯವನದ್ದು ಚಟ, ಎರಡನೆಯವನದ್ದು ಶಿಸ್ತು. ಮಿದುಳಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ನಿದ್ದೆಗೇಡಿನ ವಿರುದ್ಧ ಜಾಥಾ ಮಾಡಿ, ಇನ್ನೊಂದರ ಫೋಟೋವನ್ನು ಫ್ಲೆಕ್ಸಿನಲ್ಲಿ ಹಾಕುತ್ತೇವೆ.

ಈಗ ಎಲ್ಲೆಡೆ ನಿಷೇಧದ ಗಾಳಿ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರರ ಕೆಳಗಿನವರಿಗೆ ಸೋಶಿಯಲ್ ಮೀಡಿಯಾ ಖಾತೆಗಳನ್ನು ಮುಚ್ಚಿಸಿತು. ಇಲ್ಲಿಯೂ ಆಗಲಿ ಎನ್ನುವವರಿದ್ದಾರೆ. ಆಗಲಿ ಎಂದೇ ಇಟ್ಟುಕೊಳ್ಳೋಣ. ಸಂಜೆ ಆರಕ್ಕೆ ಫೋನು ಕಪಾಟಿಗೆ ಹೋಯಿತು. ಆ ಮೇಲಿನ ಎರಡು ಗಂಟೆಗೆ ನಮ್ಮ ಹತ್ತಿರ ಏನಿದೆ? ಆಟದ ಮೈದಾನಕ್ಕೆ ಹೋದರೆ ಕಾಲು ಮುರಿದುಕೊಳ್ಳುತ್ತಾನೆ, ಲೈಬ್ರರಿಗೆ ಬೀಗ ಹಾಕಿಯಾಗಿದೆ, ಟ್ಯೂಷನ್ನಿನಲ್ಲಿ ಶಾಲೆಯದ್ದನ್ನೇ ಮತ್ತೊಮ್ಮೆ ಬರೆಸುತ್ತಾರೆ. ಮತ್ತೆ ಓದಿಸುವುದು, ಮತ್ತೆ ಬರೆಸುವುದು. ಐದು ನಿಮಿಷದ ನೆನಪಿಗೆ ಬೇಕಾದ್ದು.

ಇದೇ ಮಕ್ಕಳನ್ನು ಬೇರೆ ಕಡೆ ನೋಡಬೇಕು. ಪಟ್ಲ ಫೌಂಡೇಶನ್ನಿನವರು ಶಾಲೆಗಳಲ್ಲಿ ನಡೆಸುವ ಯಕ್ಷಶಿಕ್ಷಣದ ತರಗತಿಯಲ್ಲಿ, ಗಣಿತದಲ್ಲಿ ಮಂದ ಎಂದು ಹಣೆಪಟ್ಟಿ ಕಟ್ಟಿಸಿಕೊಂಡ ಹುಡುಗ ಧೀಂಗಿಣ ಕಲಿಯುತ್ತಾನೆ, ತಾಳ ತಪ್ಪದೆ ಪದ್ಯದ ಕೊನೆಗೆ ಸರಿಯಾಗಿ ಬಂದು ನಿಲ್ಲುತ್ತಾನೆ, ಎದುರಿನವನು ಮಾತು ಮರೆತರೆ ಅವನದ್ದನ್ನೂ ತಾನೇ ತುಂಬಿ ಆಟ ಮುಂದೆ ಓಡಿಸುತ್ತಾನೆ. ಮನೆಗೆ ಹೋಗಿ ಅದೇ ಪದ್ಯವನ್ನು ಯೂಟ್ಯೂಬಿನಲ್ಲಿ ನಾಲ್ಕು ಭಾಗವತರ ಕಂಠದಲ್ಲಿ ಕೇಳಿ ಬರುತ್ತಾನೆ. ನೆನಪು ಹಾಳು ಮಾಡುವ ಮೊಬೈಲಿನಲ್ಲಿ! ಅವನಿಗೆ ಅಲ್ಲಿ ನೆನಪು ಯಾಕೆ ಬೇಕು ಎಂದು ಗೊತ್ತಿದೆ. ವೇಷ ಕಟ್ಟಿ ರಂಗಸ್ಥಳಕ್ಕೆ ಹೋದ ಮೇಲೆ ಹೇಳಿಕೊಡುವವರಿಲ್ಲ, ಊರವರೆಲ್ಲ ಮುಂದೆ ಕೂತಿದ್ದಾರೆ.

ಹಾಗಾದರೆ ಪ್ರತಿ ತರಗತಿಯಲ್ಲಿ ದಿನಕ್ಕೆ ಹತ್ತು ನಿಮಿಷ ಪುಸ್ತಕ ಮುಚ್ಚಿಸಿ, ನಿನ್ನೆಯ ಪಾಠವನ್ನು ಒಬ್ಬ ಹೇಳಲಿ, ಇನ್ನೊಬ್ಬ ಅಡ್ಡ ಪ್ರಶ್ನೆ ಹಾಕಲಿ, ಬೇಕಿದ್ದರೆ ತುಳುವಿನಲ್ಲಿ ಹೇಳಲಿ, ಬ್ಯಾರಿಯಲ್ಲಿ ಹೇಳಲಿ ಎಂದು ನಾನು ಕೇಳಿದರೆ ಟೀಚರುಗಳಿಂದ ಬರುವ ಉತ್ತರ ಗೊತ್ತಿದೆ: ಪೋರ್ಷನ್ ಮುಗಿಯುವುದಿಲ್ಲ. ಎಸ್ಸೆಸ್ಸೆಲ್ಸಿಯ ಪೋರ್ಷನ್ ಹೆಚ್ಚಿನ ಶಾಲೆಗಳಲ್ಲಿ ಜನವರಿಯ ಹೊತ್ತಿಗೆ ಮುಗಿದಿರುತ್ತದೆ. ಆಮೇಲಿನ ವಾರಗಳೆಲ್ಲ ಪೂರ್ವಸಿದ್ಧತಾ ಪರೀಕ್ಷೆಗೆ, ಅದರ ಪೂರ್ವಸಿದ್ಧತೆಗೆ ಹೋಗುತ್ತವೆ. ಯಾಕೆ? ಜೂನಿನಲ್ಲಿ ಮಾಡಿದ ಪಾಠ ಜನವರಿಗೆ ಯಾರಿಗೂ ನೆನಪಿರುವುದಿಲ್ಲ, ಅದಕ್ಕೆ. ಹತ್ತು ನಿಮಿಷ ಇಲ್ಲ ಎನ್ನುವವರು ಎರಡು ತಿಂಗಳು ಕೊಡುತ್ತಿದ್ದಾರೆ.

ಹೋಂವರ್ಕಿನ ಗ್ರೂಪನ್ನು ಮುಚ್ಚುವುದಕ್ಕೆ ಅಷ್ಟೂ ಕಷ್ಟವಿಲ್ಲ. ಇಲಾಖೆಯ ಆದೇಶ ಬೇಡ, ಆಸ್ಟ್ರೇಲಿಯಾದ ಕಾನೂನೂ ಬೇಡ. ಅದರ ಅಡ್ಮಿನ್ ಶಾಲೆಯೇ.